ಎಡ ಸೀಟಿನ ಕಣ್ಣು

ಸಜಾದ ಹರಾಜಿನಂಗಳದಲ್ಲಿ ಆರು ಚಕ್ರ ಊರಿ ನಿಂತಿತ್ತು,
ಯಾವುದೋ ಸೈನ್ಯ ಕಳಚಿಟ್ಟ ಹಸಿರು.
ಬಾಗಿಲ ಮೇಲಿನ ಅಂಕಿಯನ್ನು ಯಾರೋ ತಿಕ್ಕಿ ತೆಗೆದಿದ್ದರು,
ಬಿಸಿಲು ಓರೆಯಾದಾಗ ಇನ್ನೂ ಓದಬಹುದಿತ್ತು.
ಸ್ಟೀರಿಂಗು ಬಲಗಡೆ.
‘ನಮ್ಮ ಕಡೆಯವನಿಗೇ ಇದು ಬಗ್ಗುವುದು’ ಅಂದ
ಫೋರ್‌ಮನ್ ಕುಂಞಾಮು, ಕೀಲಿ ಎಸೆದು.
ನಮ್ಮ ಕಡೆ ಹೀಗೇ, ಸರಿ.
ನಮ್ಮ ಕಡೆ ರಸ್ತೆಯೂ ಹಾಗೇ ಇರುತ್ತದಲ್ಲ.

ಇಲ್ಲಿ ಬಲಕ್ಕೆ ಓಡಬೇಕು, ಬಲಕ್ಕೇ ಕೂತು.
ಮುಂದಿನ ಟ್ಯಾಂಕರಿನ ಬೆನ್ನು ಬಿಟ್ಟರೆ ಲೋಕವಿಲ್ಲ.
ಎಡ ಸೀಟಿಗೆ ಒಂದು ಜೊತೆ ಕಣ್ಣು ಬೇಕು.
ಕಳಿಸಿದ್ದು ರೊಡೆಲ್‌ನನ್ನು.

ರೊಡೆಲ್ ಮತ್ತು ನಾನು ಠೂ ಬಿಟ್ಟು ಹತ್ತೊಂಬತ್ತು ದಿನ.
ಒಂದು ಹದಿನೇಳರ ಸ್ಪ್ಯಾನರು.
ಅವನ ಪೆಟ್ಟಿಗೆಯಲ್ಲಿದ್ದದ್ದು ನನ್ನದೆಂದು ಎಲ್ಲರೆದುರು ಹೇಳಿದೆ.
ಆಮೇಲೆ ನನ್ನದು ನನ್ನ ಮಂಚದ ಕೆಳಗೆ ಸಿಕ್ಕಿತು.
ಅದನ್ನು ಮಾತ್ರ ಯಾರೆದುರೂ ಹೇಳಲಿಲ್ಲ.

ಮೂರು ದಿನದ ತಾತ್ಕಾಲಿಕ ನಂಬರು, ಎರಡು ಬಾಟಲಿ ನೀರು,
ಮಸಾಫಿಯ ಬೆಟ್ಟದ ಅಬು ಖಲ್ಫಾನ್‌ಗೆ ತಲುಪಿಸಬೇಕು;
ವಾದಿಯ ಕಲ್ಲು ಹತ್ತಿಸಿ ಜೇನುಪೆಟ್ಟಿಗೆ ಸಾಗಿಸುತ್ತಾನಂತೆ ಇದರಲ್ಲಿ.
ಅಲ್ಲಿಯವರೆಗೆ ಬರೀ ಡಾಂಬರು, ಬಿಳಿಗೆರೆ, ಕ್ಯಾಮರಾ.
ಡಾಂಬರೆಂದರೆ ಇದಕ್ಕೆ ಎಲ್ಲಿಲ್ಲದ ಬೇಸರ.
ಮರಳು ಕಚ್ಚಲೆಂದು ಕೊರೆದ ಟೈರು ನುಣ್ಣನೆಯ ನೆಲ ಕಂಡು
ಗುಂಯ್ಯೆಂದು ಒಂದೇ ಸ್ವರ ಹಿಡಿದು ಬಿಡದು.
ಅರವತ್ತೈದು ದಾಟಿದರೆ ಸ್ಟೀರಿಂಗಿಗೆ ಚಳಿಜ್ವರ.
ಗಂಗೊಳ್ಳಿಯಲ್ಲಿ ಅಪ್ಪನ ಬೋಟು ಅಳಿವೆ ದಾಟುವಾಗ
ಚುಕ್ಕಾಣಿ ಹೀಗೇ ಕೈಯಿಂದ ಜಾರುತ್ತಿತ್ತು;
ಹಿಡಿಯಬಾರದು, ಸುಮ್ಮನೆ ಜೊತೆಗಿರಬೇಕು ಅನ್ನುತ್ತಿದ್ದ.
ಸಿಮೆಂಟ್ ಲಾರಿಗಳೂ ನಮ್ಮನ್ನು ಹಿಂದಿಕ್ಕಿದವು.
ಶಾಲಾ ಬಸ್ಸಿನ ಹಿಂದಿನ ಕಿಟಕಿಯಿಂದ ಒಬ್ಬ ಹುಡುಗ
ಸೆಲ್ಯೂಟ್ ಹೊಡೆದ. ನಾನು ಗ್ರೀಸು ಮೆತ್ತಿದ ಕೈ ಎತ್ತಿದೆ.

‘ಗೋ’ ಅನ್ನುತ್ತಾನೆ ರೊಡೆಲ್. ಹೋಗುತ್ತೇನೆ.
‘ನೋ’ ಅನ್ನುತ್ತಾನೆ. ಬ್ರೇಕು.
ಎರಡೇ ಮಾತು. ನನ್ನ ಜೀವ ಅವೆರಡರ ನಡುವೆ.
ಅವನು ಮನಸ್ಸು ಮಾಡಿದ್ದರೆ ಒಂದು ಸಲ
ತಪ್ಪು ಹೇಳಬಹುದಿತ್ತು.

ದೈದ್‌ನ ವೃತ್ತದಲ್ಲಿ ಗಾಡಿ ತಿರುಗಲೊಲ್ಲೆ ಅಂದಿತು.
ಟೈರು ಕಿರುಚಿ, ಕುಪ್ಪಳಿಸಿ, ಒಳಗೆಲ್ಲೋ ಕಬ್ಬಿಣ ಹಲ್ಲು ಕಡಿದು,
ಹಿಂದೆ ಹದಿನೈದು ಹಾರನ್ನು.
ಸನ್ನೆ ನೋಡಿದೆ: ಲಾಕು ಬಿದ್ದಿದೆ,
ಹರಾಜಿನವರು ಮರಳಿನಿಂದ ಎಳೆದಾಗ ಹಾಕಿದ್ದು, ಯಾರೂ ಬಿಡಿಸಿಲ್ಲ.
ಮರಳಿನಲ್ಲಿ ಆರೂ ಚಕ್ರ ಒಂದೇ ಹಟ ಹಿಡಿಯಬೇಕು, ಅದೇ ಬದುಕಿಸುತ್ತದೆ.
ಗಟ್ಟಿ ನೆಲದ ತಿರುವಿನಲ್ಲಿ ಒಳಗಿನದು ಕಮ್ಮಿ ನಡೆಯಬೇಕು,
ಹೊರಗಿನದು ಜಾಸ್ತಿ;
ಆಗಲೂ ಹಟ ಬಿಡದಿದ್ದರೆ ಆಕ್ಸಲು ತನ್ನನ್ನೇ ಹಿಂಡಿಕೊಳ್ಳುತ್ತದೆ.
ಎಳೆದೆ. ಬಿಡಲಿಲ್ಲ. ಎರಡೂ ಕೈಯಲ್ಲಿ ಎಳೆದೆ.
‘ಹಿಂದೆ ಹೋಗು’ ಅಂದ ರೊಡೆಲ್. ‘ಒಂದಡಿ. ಸಾಕು.’
ಇಳಿದು ಹೋಗಿ, ಅಂಗೈ ಎತ್ತಿ, ಅಷ್ಟು ಕಾರುಗಳನ್ನು
ಒಬ್ಬನೇ ತಡೆದು ನಿಂತ.
ಒಂದಡಿ ಹಿಂದೆ ಸರಿದೆ. ಠಕ್ಕೆಂದು
ಇಡೀ ಮೈಯೊಂದು ನಿಟ್ಟುಸಿರು ಬಿಟ್ಟ ಹಾಗೆ.

ಅವನು ಹತ್ತಿ ಕೂತ ಮೇಲೆ ಹೇಳಿದೆ,
ಸ್ಪ್ಯಾನರಿನ ಮಾತು, ಮಂಚದ ಕೆಳಗಿನ ಮಾತು,
ಇದ್ದಷ್ಟು ಇಂಗ್ಲಿಷಿನಲ್ಲಿ, ರಸ್ತೆ ನೋಡುತ್ತ.
ಗಾಡಿಯ ಗುಂಯ್‌ಗೆ ನನ್ನ ದನಿ ನನಗೇ ಕೇಳಿಸಲಿಲ್ಲ.
‘ಗೋ’ ಅಂದ ಅವನು.

ಮಸಾಫಿ. ಸಂಜೆ. ಬೋರೆಮರದ ಕೆಳಗೆ ನೀಲಿ ಪೆಟ್ಟಿಗೆಗಳ ಸಾಲು.
ಅಬು ಖಲ್ಫಾನ್ ಚಕ್ರಕ್ಕೊಂದು ಒದೆ ಕೊಟ್ಟು ನಕ್ಕ,
ಕಹ್ವಾ ತರಲು ಒಳಗೆ ಹೋದ.
ಎಂಜಿನ್ನು ನಿಲ್ಲಿಸಿದರೂ ಕಿವಿಯೊಳಗೆ ರಸ್ತೆ ಓಡುತ್ತಲೇ ಇತ್ತು;
ಅಥವಾ ಅದು ಜೇನು.
ರೊಡೆಲ್ ಇಳಿಯಲಿಲ್ಲ. ಇನ್ನೂ ಕನ್ನಡಿ ನೋಡುತ್ತಿದ್ದ,
ಬರುವವರು ಯಾರೂ ಇಲ್ಲದ ಕನ್ನಡಿ.
‘ದೈದ್ ಆದ ಮೇಲೆ ಏನೋ ಅಂದೆಯಲ್ಲ’ ಅಂದ,
‘ಈಗ ಹೇಳು.’