ತೌಲನಿಕ, ಹತ್ತು ಅಂಕ

ವಾಡಿ, ಸರಕಾರಿ ಪ್ರೌಢಶಾಲೆ, ಒಂಬತ್ತನೆಯ ಬಿ.
ಪ್ರಶ್ನೆ ನನ್ನದೇ: ದೂರದೇಶದ ಆ ಕತೆಯ ಹಿಮವನ್ನು
ನಿಮ್ಮೂರಿನ ಯಾವುದಕ್ಕಾದರೂ ಹೋಲಿಸಿ.
ನಲವತ್ತು ಹಾಳೆಗಳಲ್ಲಿ ಹತ್ತಿ, ಹತ್ತಿ, ಹತ್ತಿ;
ಒಂದರಲ್ಲಿ ಐಸ್‌ಕ್ರೀಮು.

ನುಝಹತ್ ಬರೆದಿದ್ದಾಳೆ:
"ಸಿಮೆಂಟ್ ಫ್ಯಾಕ್ಟರಿ ಧೂಳು ನಮ್ಮ ತಗಡಿನ ಮ್ಯಾಲ,
ಬೇವಿನ ಮ್ಯಾಲ, ಒಣಗಲಿಕ್ಕೆ ಹಾಕಿದ ಅಬ್ಬಾನ ಅಂಗಿ ಮ್ಯಾಲ
ಸಪ್ಪಳ ಮಾಡಲಾರ್ದೆ ಬೀಳ್ತದ.
ಸಾಮ್ಯ: ಎರಡೂ ಬೆಳ್ಳಗ.
ವ್ಯತ್ಯಾಸ: ಅವರದು ಕರಗ್ತದ."

ಮೂರೂ ‘ಮ್ಯಾಲ’ಕ್ಕೆ ಕೆಂಪು ಸುತ್ತಿ
ಒಂದು ಅಂಕ ಕಳೆದೆ. ಮೊತ್ತ ಹಾಕದೆ ಮನೆಗೆ ಹೋದೆ.

ಬೆಳಿಗ್ಗೆ ಬಂದು ಹಾಳೆ ಎತ್ತಿದರೆ
ಮೇಜಿನ ಮೇಲೆ ಅದರಳತೆಯ ಕರಿ ಚೌಕ,
ಸುತ್ತ ಬಿಳಿ.
ಆ ಬಿಳಿಯಲ್ಲೇ ಬೆರಳಿನಿಂದ
ಮೊದಲು ಹತ್ತು ಬರೆದು ನೋಡಿದೆ.