ನಡಾವಳಿಯಲ್ಲಿ ಬರೆಯದ್ದು

ಪೀಣ್ಯ ಎರಡನೇ ಹಂತ, ಮೆಡಿಕಲ್ ಸ್ಟೋರಿನ ಮೇಲಂತಸ್ತು.
ತಿಂಗಳ ಎರಡನೇ ಶನಿವಾರ, ಸಂಜೆ ಆರೂವರೆ.
ನಮ್ಮ ಸಂಘಕ್ಕೆ ಹೆಸರು ಉದ್ದ, ಬೋರ್ಡು ಸಣ್ಣದು:
ಪೇಂಟರು 'ಪರಿಸರಜನ್ಯ ರೋಗಗಳ ವೈದ್ಯರ' ತನಕ ಬರೆದು
'ಸಂಘ'ವನ್ನು ಕೆಳಗೆ ಮೂಲೆಯಲ್ಲಿ ಒತ್ತಿ ಕೂರಿಸಿದ್ದಾನೆ,
ಬಸ್ಸಿಗೆ ಕೊನೆಯಲ್ಲಿ ಹತ್ತಿದವರ ಹಾಗೆ.

ಕೋರಂಗೆ ಏಳು ಜನ ಬೇಕು. ಬಂದವರು ಐವರು.
ವಜ್ರೇಶ್ವರಿ ಮೇಡಂ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ,
ಫೋನಿನಲ್ಲೇ ಹಾಜರಿ, ನಡುನಡುವೆ ಕೆಮ್ಮು.
ಕೆಮ್ಮನ್ನೂ ಲೆಕ್ಕಕ್ಕೆ ಹಿಡಿದರೆ ಏಳಾಯಿತು ಎಂದರು ಪುಟ್ಟಮಾದಯ್ಯ.
ನಕ್ಕೆವು. ಸಭೆ ಶುರು.

ನಾನು ಜಂಟಿ ಕಾರ್ಯದರ್ಶಿ. ಬರೆಯುವುದು ನನ್ನ ಪಾಲು.
'ಹಿಂದಿನ ಸಭೆಯ ನಡಾವಳಿ ಓದಿ ಅಂಗೀಕರಿಸಲಾಯಿತು.
ಮಂಡಳಿಗೆ ಬರೆದ ಮೂರನೆಯ ಪತ್ರಕ್ಕೆ ಉತ್ತರ ಬಂದಿಲ್ಲ.
ಟೀ, ಮದ್ದೂರು ವಡೆ: ಇನ್ನೂರ ನಲವತ್ತು ರೂಪಾಯಿ.'

ಬರೆಯದ್ದು ಇದು:

ಮುನಿಯೆಲ್ಲಪ್ಪ ನನ್ನ ಕ್ಲಿನಿಕ್ಕಿಗೆ ಬಂದದ್ದು ನೆಗಡಿಗೆ.
ಆರು ವರ್ಷದ ನೆಗಡಿ. ಆರು ವರ್ಷವೂ
ನಾನೇ ಕೊಟ್ಟ ಅದೇ ಹಳದಿ ಮಾತ್ರೆ.
ವಯಸ್ಸು ಕೇಳಿದ್ದೆ, ಬೀಡಿ ಕೇಳಿದ್ದೆ,
ಅಪ್ಪನಿಗೆ ಉಬ್ಬಸ ಇತ್ತಾ, ಅದನ್ನೂ ಕೇಳಿದ್ದೆ.
ಬೆಳಗಿಂದ ಸಂಜೆ ತನಕ ಎಲ್ಲಿ ನಿಂತಿರ್ತೀಯಪ್ಪ ಅಂತ
ಒಂದು ದಿನ ಕೇಳಿರಲಿಲ್ಲ.

ಕೇಳಿದ ದಿನ ಹೇಳಿದ: 'ಹೊಳಪು ಹಾಕೋ ಕೆಲಸ, ಮೇಡಂ.
ನಲ್ಲಿ, ಬೈಕಿನ ಸೈಲೆನ್ಸರು, ದೇವಸ್ಥಾನದ ಕ್ಯೂ ಕಂಬಿ,
ಎಲ್ಲಾ ಕನ್ನಡಿ ಮಾಡ್ತೀವಿ. ತೊಟ್ಟಿ ಕುದೀತಾನೇ ಇರುತ್ತೆ.'

ಟಾರ್ಚು ಹಿಡಿದೆ. ಎರಡು ಹೊಳ್ಳೆಗಳ ನಡುವೆ ಗೋಡೆಯಿಲ್ಲ.
ಬಲಕ್ಕೆ ಬಿಟ್ಟ ಬೆಳಕು ಎಡಕ್ಕೆ ಬಂತು,
ಪಕ್ಕದ ಮನೆಗೆ ಸಕ್ಕರೆ ಕೇಳಲು ಹೋದ ಮಗುವಿನಂತೆ, ಸಲೀಸಾಗಿ.
ನೋವಿಲ್ಲ ಅಂದ. ನಿದ್ದೇಲಿ ಸಿಳ್ಳೆ ಬರುತ್ತಂತೆ, ಮಗಳು ನಗುತ್ತಾಳಂತೆ.
ಆಮೇಲೆ ನನ್ನ ಮೂಗುಬೊಟ್ಟು ನೋಡಿ:
'ನೀವು ದುಡ್ಡು ಕೊಟ್ಟು ಚುಚ್ಚಿಸ್ಕೊಂಡ್ರಿ. ನಮಗೆ ಫ್ರೀ.'

ವಿಷಯ ನಾಲ್ಕು: ಹೊಸ ಕೇಸ್ ಶೀಟು.
ವಯಸ್ಸು, ಲಿಂಗ, ತೂಕದ ಕೆಳಗೆ ಮೂರು ಗೆರೆ ಹೆಚ್ಚಿಗೆ.
ಏನು ಕೆಲಸ. ಅದಕ್ಕೆ ಮುಂಚೆ ಏನು ಕೆಲಸ.
ಮನೆಯ ಕಿಟಕಿ ತೆಗೆದರೆ ಏನು ವಾಸನೆ.
ಅರ್ಧ ಗಂಟೆ ಜಗಳ. ಫಿಲೋಮಿನಾ ಲೆಕ್ಕ ಕೊಟ್ಟರು:
ಒಬ್ಬರಿಗೆ ನಾಲ್ಕು ನಿಮಿಷ, ಹೊರಗೆ ಎಪ್ಪತ್ತು ಟೋಕನ್, ಯಾವಾಗ ಕೇಳಲಿ?
ಪುಟ್ಟಮಾದಯ್ಯ ಒಬ್ಬಾಕೆಯನ್ನು ಕೇಳಿ ನೋಡಿದ್ದರಂತೆ, ಕಿಟಕಿ ಯಾವ ಕಡೆಗೆ?
'ಪೂರ್ವಕ್ಕೇ ಡಾಕ್ಟ್ರೇ, ವಾಸ್ತು ನೋಡಿಸ್ಕೊಂಡೇ ಕಟ್ಟಿದ್ದು.'
ಬ್ಯಾಟರಿ ಕರಗಿಸುವ ಶೆಡ್ಡು ಅವಳ ಮನೆಯ ವಾಯವ್ಯಕ್ಕೆ.
ವಾಯುವಿನ ಮೂಲೆ. ಶಾಸ್ತ್ರ ಅಷ್ಟರ ಮಟ್ಟಿಗೆ ಸರಿ.

ಶಾಕಿರಾ, ಎಲ್ಲರಿಗಿಂತ ಚಿಕ್ಕವಳು, ಮೆಲ್ಲಗೆ: ಕೇಳಿದ ಮೇಲೆ?
ಕೆಲಸ ಬಿಡು ಅಂತ ಬರೆದ ಚೀಟಿ
ಯಾವ ಅಂಗಡಿಯಲ್ಲಿ ತಗೊಳ್ತಾರೆ?
ಯಾರೂ ಮಾತಾಡಲಿಲ್ಲ. ಕೆಳಗೆ ಶಟರು ಅರ್ಧ ಎಳೆದ ಸದ್ದು.
ಫೋನಿನಲ್ಲಿ ವಜ್ರೇಶ್ವರಿ: ಹಲೋ? ಕಟ್ಟಾಯ್ತಾ? ಇದ್ದೀರಾ?

ಬರೆದೆ: 'ಚರ್ಚೆಯ ನಂತರ ಮೂರೂ ಪ್ರಶ್ನೆಗಳಿಗೆ ಸರ್ವಾನುಮತ.'
ವಡೆಯ ಜಿಡ್ಡು ತೊಳೆಯಲು ನಲ್ಲಿ ತಿರುಗಿಸಿದೆ.
ಹೊಸ ನಲ್ಲಿ. ಫಳಫಳ. ಅದರೊಳಗೆ ನನ್ನ ಮುಖ
ಉದ್ದಕ್ಕೆ ಎಳೆದುಕೊಂಡು, ಮೂಗೊಂದೇ ದೊಡ್ಡದಾಗಿ.

ಸೋಮವಾರ ಹೊಸ ಶೀಟಿಗೆ ಮೊದಲು ಸಿಕ್ಕವನು ಅವನೇ.
ಅದಕ್ಕೆ ಮುಂಚೆ ಏನು ಕೆಲಸ?
'ಇಲ್ಲೇ, ಕನಕಾಂಬರದ ತೋಟ. ಹೂ ಬಿಡಿಸ್ತಿದ್ದೆ.
ಅದಕ್ಕೂ ವಾಸನೆ ಇರ್ಲಿಲ್ಲ ಬಿಡಿ.'
ಕಿಟಕಿ ತೆಗೆದರೆ?
'ಗೊತ್ತಾಗಲ್ಲ ಮೇಡಂ. ಯಾವಾಗಿಂದ ಅಂತಾನೂ ಗೊತ್ತಿಲ್ಲ.
ನೀವೇ ಒಂದಿನ ಬಂದು ಮೂಸಿ ನೋಡಿ ಬರ್ಕೊಳಿ.
ಭಾನುವಾರ ಬೇಡ, ತೊಟ್ಟಿ ಆರಿರುತ್ತೆ. ಶನಿವಾರ ಬನ್ನಿ.'

ಶನಿವಾರ ಸಭೆ ಇರುತ್ತೆ ಅನ್ನುವ ಮಾತು
ನಾಲಗೆ ತುದಿಗೆ ಬಂದಿತ್ತು.
ಪೆನ್ನಿನ ಮುಚ್ಚಳ ಹುಡುಕುತ್ತಾ ಕೂತೆ.