ಮಣ್ಣು ಮುಗಿದ ಮೇಲೆ

ಮರಗಳು ಇಲ್ಲಿ ಎತ್ತರಕ್ಕೆ ಹೆದರಿ ನಿಂತವಲ್ಲ.
ಮಣ್ಣು ಮುಗಿಯಿತು, ನಿಂತವು. ಅಷ್ಟೇ.
ಕೊನೆಯದೊಂದು ಕಲ್ಲತ್ತಿ
ಬಿರುಕಿಗೆ ಬೇರಿಳಿಸಿ, ಸೊಂಟ ಬಾಗಿಸಿ,
ಮೇಲಿನ ಬೋಳುಬಂಡೆಯನ್ನು
ಪರವೂರೆಂಬಂತೆ ನೋಡುತ್ತಿದೆ.

ಪಾಂಡವಪುರದಲ್ಲಿ ಬಸ್ಸಿಳಿದು ಎರಡು ಗಂಟೆ ನಡೆದಿದ್ದೇವೆ
ನಾನು, ತಸ್ಮಿಯಾ.
ಅವಳು ಮಂಡ್ಯ ಡಿಪೋದಲ್ಲಿ ಚಿಲ್ಲರೆ ಎಣಿಸುವವಳು,
ಅದೇ ಚಿಲ್ಲರೆಗೆ ದಿನವಿಡೀ ಜಗಳವಾಡುವವಳು ನಾನು.
ಇಬ್ಬರಿಗೂ ಒಂದೇ ದಿನ ವಾರದ ರಜೆ ಬೀಳುವುದು
ವರ್ಷಕ್ಕೆ ಮೂರೋ ನಾಲ್ಕೋ ಸಲ.

ಯುಗಾದಿ ಕಳೆದು ಎಂಟು ದಿನ.
ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆ,
ಒಂದು ಅಗುಳೂ ಇಲ್ಲ.
ಚೀಲದಲ್ಲಿ ಎರಡು ಸೌತೆಕಾಯಿ, ಉಪ್ಪಿನ ಪೊಟ್ಟಣ,
ಕಡ್ಡಿ ಮುರಿದ ಒಂದು ಕೊಡೆ.
ಬಂಡೆಯ ಕಾವು ಚಪ್ಪಲಿ ದಾಟಿ ಪಾದಕ್ಕೆ ಬಂತು.
ಕೆಳಗೆ ಕಬ್ಬಿನ ಗದ್ದೆ, ನಾಲೆಯ ಗೆರೆ,
ನಾನು ದಿನಾ ಕೂಗುವ ಊರುಗಳೆಲ್ಲ
ಸದ್ದಿಲ್ಲದೆ ಕೂತಿದ್ದವು.

ತುದಿಯಲ್ಲಿ ಯಾರೋ ಸುಣ್ಣ ಬಳಿದ ಗುಂಡುಕಲ್ಲು.
ಇನ್ನೂರು ಹೆಜ್ಜೆ ಇರಬಹುದು, ಹೆಚ್ಚೆಂದರೆ.
ಆಗ
ಬೆನ್ನಿಗೆ ತಣ್ಣಗೆ ಏನೋ ತಾಗಿತು.
ತಿರುಗಿದರೆ ಯಾರೂ ಇಲ್ಲ.
ಗಾಳಿ ದಿಕ್ಕು ಬದಲಿಸಿತ್ತು.
ನೋಡುನೋಡುತ್ತ ನಾಲೆ ಅಳಿಸಿತು, ಗದ್ದೆ ಅಳಿಸಿತು,
ಧೂಳೋ ಮೋಡವೋ ಒಂದು ಕಂದು ಸೆರಗು
ಬೆಟ್ಟದ ಮೊಣಕಾಲಿನವರೆಗೆ ಬಂತು.

ಮೇಕೆಗಳನ್ನು ಹೊಡೆದುಕೊಂಡು ಜವರಾಯಿ ಇಳಿಯುತ್ತಿದ್ದಳು.
‘ಎತ್ತಾಗ್ ಒಂಟ್ರವ್ವಾ? ಮ್ಯಾಕ್ ಓಗ್ಬ್ಯಾಡಿ ಕನ.
ಅಸ್ವಿನಿ ಮಳೆ ಒಟ್ಟೆಕಿಚ್ಚಿಂದು,
ಬರಾಕ್ ಮುಂಚೆ ಯೋಳಾಕಿಲ್ಲ.
ಆ ಕಬ್ಣದ್ ಕಡ್ಡಿ ಬ್ಯಾರೆ ಇಡ್ಕಂಡಿದ್ದೀರಿ, ಬಿಸಾಕಿ ಅತ್ಲಾಗೆ!’

‘ಇನ್ನೂರೇ ಹೆಜ್ಜೆ,’ ಅಂದೆ ತಸ್ಮಿಯಾಗೆ.
‘ಇನ್ನೊಂದು ರಜೆ ಯಾವಾಗಲೋ.’
ಅವಳು ಉತ್ತರಿಸಲಿಲ್ಲ.
ಮಿಂಚಿತು.
ಅವಳು ಎಣಿಸತೊಡಗಿದಳು,
ಸಂಜೆ ಡಬ್ಬಿ ಸುರಿದು ನಾಣ್ಯ ಎಣಿಸುವ ಹಾಗೆ,
ತುಟಿ ಅಲುಗಿಸದೆ.
ಹದಿನೆಂಟಕ್ಕೆ ಗುಡುಗು.
ಮತ್ತೆ ಮಿಂಚು. ಹನ್ನೊಂದು.
‘ಲೆಕ್ಕ ಹತ್ತಿರ ಬರ್ತಾ ಇದೆ ಕಣೇ.’

ಸುಣ್ಣದ ಕಲ್ಲು ಇನ್ನೂ ಕಾಣುತ್ತಿತ್ತು. ಅದೇ ಕಷ್ಟ.
ಕಾಣದಿದ್ದರೆ ಬಿಟ್ಟುಬಿಡುವುದು ಸುಲಭ.
ಒಂದು ಹೆಜ್ಜೆ ಮೇಲಿಟ್ಟೆ ಕೂಡ, ಸುಳ್ಳೇಕೆ ಹೇಳಲಿ.
ಏಳಕ್ಕೆ ಗುಡುಗಿದಾಗ
ನನ್ನ ಗಂಟಲೇ ನನ್ನನ್ನು ಕೇಳದೆ ಕೂಗಿತು:
‘ಇಳಿಯೋರು ಇಳೀರಿ! ಬೇಗ ಬೇಗ!’

ಇಳಿದೆವು,
ಕೂತು, ಜಾರಿ, ಅಂಗೈ ತರಚಿಕೊಂಡು,
ಕೊಡೆಯನ್ನು ಬಂಡೆಗೇ ಬಿಟ್ಟು.
ಎರಡು ಗುಂಡುಗಳ ಸಂದಿಯಲ್ಲಿ ಜವರಾಯಿ ಜಾಗ ಬಿಟ್ಟಳು.
ಹದಿಮೂರು ಮೇಕೆ, ಮೂರು ಹೆಂಗಸರು,
ಒಂದೇ ಬಿಸಿಯುಸಿರು, ಒಂದೇ ಒದ್ದೆ ಉಣ್ಣೆಯ ವಾಸನೆ.
ಹೊರಗೆ ಆಲಿಕಲ್ಲು.
ಬೂದು ಬಂಡೆ ಕಣ್ಣೆದುರೇ ಕರಿ ಎಮ್ಮೆಯಾಯಿತು,
ಅದರ ಮೈಮೇಲೆ ನೀರು ನೂರು ದಾರಿ ಹುಡುಕಿತು,
ಒಣಗಿದ ದೊಣೆ ತುಂಬಿ, ತುಳುಕಿ,
ನಮ್ಮ ಕಾಲಿಗೂ ಬಂದು ವಿಚಾರಿಸಿಕೊಂಡು ಹೋಯಿತು.
ಮರಿಯೊಂದು ನನ್ನ ಸೆರಗು ಜಗಿಯಿತು. ಜಗಿಯಲಿ ಎಂದೆ.
ತಸ್ಮಿಯಾ ಎಣಿಸುವುದನ್ನು ಬಿಟ್ಟಿದ್ದಳು.
ಮಿಂಚಿಗೂ ಗುಡುಗಿಗೂ ನಡುವೆ
ಎಣಿಸಲು ಏನೂ ಉಳಿದಿರಲಿಲ್ಲ.

ಮುಕ್ಕಾಲು ಗಂಟೆ. ಆಮೇಲೆ ಬಿಸಿಲು,
ಏನೂ ಆಗದವರ ಮುಖ ಹೊತ್ತು.
ಮೇಲೆ ಸುಣ್ಣದ ಕಲ್ಲು ಹಬೆಯಾಡುತ್ತಿತ್ತು,
ಈಗ ತಾನೇ ಮಿಂದೆದ್ದಂತೆ.
ಯಾರೂ ಅದರ ಮಾತೆತ್ತಲಿಲ್ಲ.
ಸೌತೆಕಾಯಿ ಮೂರು ಪಾಲಾಯಿತು, ಸಿಪ್ಪೆ ಮೇಕೆಗೆ.
ಕಲ್ಲತ್ತಿಯ ಬುಡದಲ್ಲಿ ಮೊದಲ ಹಿಡಿ ಮಣ್ಣು ಸಿಕ್ಕಿತು
ಪಾದಕ್ಕೆ. ಮೆತ್ತಗೆ.
ಒಂದು ಗಳಿಗೆ ಸುಮ್ಮನೆ ನಿಂತೆ.

ಸಂಜೆಯ ಬಸ್ಸಿನಲ್ಲಿ ಹೊಸ ಹುಡುಗ, ನನ್ನ ಗುರುತಿಲ್ಲ.
‘ಎಲ್ಲಿಂದಮ್ಮಾ?’
ಬಾಯಿಗೆ ಬಂದದ್ದು ಯಾವ ಸ್ಟೇಜೂ ಅಲ್ಲ.
ಪಾಂಡವಪುರ, ಅಂದೆ. ಮಂಡ್ಯಕ್ಕೆ. ಇಬ್ಬರು.
ಸೊನ್ನೆ ರೂಪಾಯಿಯ ಎರಡು ಚೀಟಿ ಹರಿದು ಕೊಟ್ಟ.
ತಸ್ಮಿಯಾ ತನ್ನದನ್ನು ಮಡಿಸಿ
ಒದ್ದೆ ಪರ್ಸಿನ ಒಳಖಾನೆಯಲ್ಲಿಟ್ಟಳು,
ಲೆಕ್ಕಕ್ಕಿರಲಿ, ಅಂತ.